ಸಿನಿಮಾಕ್ಕೆ ಸೌಂಡೂ ಸಂಗೀತವೂ: ಎರಡನ್ನೂ ಕಲಿತು ವೃತ್ತಿ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಕಿರುಚಿತ್ರ, ವೆಬ್ ಸರಣಿ, ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾ. ಇಂಥ ಕಡೆ ಸೌಂಡ್ ಡಿಸೈನರ್ ಒಬ್ಬರು, ಸಂಗೀತ ನಿರ್ದೇಶಕರು ಇನ್ನೊಬ್ಬರು ಅಂತ ಇಟ್ಟುಕೊಳ್ಳುವಷ್ಟು ದುಡ್ಡು ಎಷ್ಟೋ ಸಲ ಇರುವುದಿಲ್ಲ. "ಹೇಗೂ ಸಿಸ್ಟಮ್ ಇದೆ, ಸ್ಪೀಕರ್ ಇದೆ, ಎರಡೂ ನೀವೇ ನೋಡ್ಕೊಳ್ಳಿ ಗುರು" ಅನ್ನುತ್ತಾರೆ. ಒಪ್ಪಿಕೊಳ್ಳಿ, ತಪ್ಪೇನಿಲ್ಲ. ಆದರೆ ಇವು ಎರಡು ಬೇರೆ ಬೇರೆ ಕೆಲಸ ಅನ್ನೋದು ಮೊದಲ ದಿನದಿಂದಲೇ ತಲೆಯಲ್ಲಿರಲಿ. ದೃಶ್ಯದೊಳಗೆ ಎರಡೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ. ಹಕ್ಕು ಮತ್ತು ದುಡ್ಡಿನ ಲೆಕ್ಕದಲ್ಲೂ ಎರಡರ ದಾರಿ ಬೇರೆ. ಈ ಬರಹ ಪೂರ್ತಿ ಈ ಎರಡು ಸಂಗತಿಗಳ ಸುತ್ತಲೇ ಇದೆ.

ಮೊದಲು, ಯಾರ ಕೆಲಸ ಏನು

ಸೆಟ್ಟಿನಲ್ಲಿ ಬೂಮ್ ಮೈಕ್, ಕಾಲರ್ ಮೈಕ್ ಇಟ್ಟು ಮಾತು ಹಿಡಿಯುವವರು ಲೊಕೇಶನ್ ಸೌಂಡ್ ರೆಕಾರ್ಡಿಸ್ಟ್. ಶೂಟಿಂಗ್ ಮುಗಿದ ಮೇಲೆ ಆ ಮಾತನ್ನು ಸೋಸಿ ಜೋಡಿಸುವವರು ಡೈಲಾಗ್ ಎಡಿಟರ್. ಹೆಜ್ಜೆ, ಬಟ್ಟೆ, ಪಾತ್ರೆ ಸದ್ದನ್ನು ಪರದೆ ನೋಡುತ್ತಾ ಸ್ಟುಡಿಯೋದಲ್ಲಿ ಮತ್ತೆ ಹುಟ್ಟಿಸುವವರು ಫೋಲಿ ಕಲಾವಿದರು. ಮಳೆ, ಗಾಳಿ, ವಾಹನ, ಹೊಡೆದಾಟ ಎಲ್ಲ ಸೇರಿಸಿ ಇಡೀ ಚಿತ್ರದ ಸದ್ದಿಗೆ ಒಂದು ರೂಪ ಕೊಡುವುದು ಸೌಂಡ್ ಡಿಸೈನರ್ ಕೆಲಸ. ಹಾಡು ಮತ್ತು ಹಿನ್ನೆಲೆ ಸಂಗೀತ, ಗಾಂಧಿನಗರದ ಮಾತಲ್ಲಿ ಆರ್‌ಆರ್, ಸಂಗೀತ ನಿರ್ದೇಶಕರದ್ದು. ಕೊನೆಗೆ ಎಲ್ಲವನ್ನೂ ಹದಕ್ಕೆ ತರುವವರು ಮಿಕ್ಸಿಂಗ್ ಎಂಜಿನಿಯರ್.

ಹಾಡು ಮತ್ತು ಹಿನ್ನೆಲೆ ಸಂಗೀತ ಒಬ್ಬರದೇ ಆಗಿರಬೇಕು ಅಂತಲೂ ಇಲ್ಲ. 2015ರ 'ರಂಗಿತರಂಗ'ಕ್ಕೆ ಹಾಡು ಮಾಡಿದ್ದು ನಿರ್ದೇಶಕ ಅನೂಪ್ ಭಂಡಾರಿ, ಹಿನ್ನೆಲೆ ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದ್ದು. ಹಾಡಿನ ರಾಗ ಹಾಕುವುದು ನಿಮ್ಮ ಕೈಲಾಗದಿದ್ದರೂ ಹಿನ್ನೆಲೆ ಸಂಗೀತದಲ್ಲಿ ಹೆಸರು ಮಾಡಬಹುದು.

ನಮ್ಮಲ್ಲಿ ದಶಕಗಳ ಕಾಲ ಸೆಟ್ಟಿನ ಸದ್ದಿಗೆ ಬೆಲೆಯೇ ಇರಲಿಲ್ಲ. ಆರಿ 2ಸಿ ಥರದ ಕ್ಯಾಮೆರಾಗಳು ಓಡುವಾಗ ತಾವೇ ಜೋರಾಗಿ ಸದ್ದು ಮಾಡುತ್ತಿದ್ದವು. ಹಾಗಾಗಿ ಸೆಟ್ಟಿನಲ್ಲಿ ಹಿಡಿದದ್ದು ಬರೀ ಅಂದಾಜಿಗೆ. ನಿಜವಾದ ಮಾತು ಡಬ್ಬಿಂಗ್ ಥಿಯೇಟರಿನಲ್ಲಿ ಹುಟ್ಟುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದು ಆ ನೆಪ ಹೋಯಿತು. ಆದರೆ ಅಭ್ಯಾಸ ಪೂರ್ತಿ ಹೋಗಿಲ್ಲ. ಮಂಡ್ಯ ಸೀಮೆಯ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ 'ತಿಥಿ'ಯಂಥ ಸಿಂಕ್ ಸೌಂಡ್ ಚಿತ್ರ, ಅಂದರೆ ಸೆಟ್ಟಿನಲ್ಲಿ ಹಿಡಿದ ಮಾತನ್ನೇ ಉಳಿಸಿಕೊಂಡ ಚಿತ್ರ, ಒಂದು ಕಡೆ. ಇನ್ನೊಂದು ಕಡೆ 'ಡೊಳ್ಳು' ಪ್ರಸಂಗ. 2022ರಲ್ಲಿ ಪ್ರಕಟವಾದ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಆ ಚಿತ್ರಕ್ಕೆ ಸಿಂಕ್ ಸೌಂಡ್ ವಿಭಾಗದ ಪ್ರಶಸ್ತಿ ಬಂತು. ಚಿತ್ರದ ಸೌಂಡ್ ಡಿಸೈನರ್ ನಿತಿನ್ ಲುಕೋಸ್ ಅವರೇ, ಇದು ಸಿಂಕ್ ಸೌಂಡ್ ಅಲ್ಲ, ಡಬ್ ಮಾಡಿದ ಚಿತ್ರ ಅಂತ ಬಹಿರಂಗವಾಗಿ ಹೇಳಿದರು. ತೀರ್ಪುಗಾರರಿಗೇ ಗೊಂದಲ ಆಗುವಾಗ ಸಣ್ಣ ನಿರ್ಮಾಪಕರಿಗೆ ಆಗದೇ ಇರುತ್ತದಾ? ಅದಕ್ಕೇ ಕೆಲಸ ಒಪ್ಪುವಾಗ "ಸೌಂಡ್ ನಿಮ್ದು" ಅನ್ನುವ ಮಾತಿಗೆ ತಲೆಯಾಡಿಸಬೇಡಿ. ಮೇಲಿನ ಪಟ್ಟಿಯಲ್ಲಿ ಯಾವ ಯಾವ ಕೆಲಸ ನಿಮ್ಮದು ಅಂತ ಬಿಡಿಸಿ ಕೇಳಿ.

ಹಂತ 1: ಕಿವಿ ಪಳಗಿಸಿ, ಸದ್ದು ಕೂಡಿಡಿ

ಪ್ಲಗಿನ್ (ಆಡಿಯೋ ಸಾಫ್ಟ್‌ವೇರ್ ಜೊತೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಖರೀದಿಗೆ ಮೊದಲು ಒಂದು ಸಣ್ಣ ರೆಕಾರ್ಡರ್ ತಗೊಳ್ಳಿ. ಜೂಮ್ ಎಚ್5 ಥರದ್ದು ಸಾಕು. ಗಾಳಿ ತಡೆಯುವ ತುಪ್ಪಳದ ಕವರ್ ಮರೆಯಬೇಡಿ; ಅದಿಲ್ಲದೆ ಹೊರಗೆ ಮಾಡಿದ ರೆಕಾರ್ಡಿಂಗ್ ಪೂರ್ತಿ ಬುಸಬುಸ.

ಯಾಕೆ ಸದ್ದುಗಳ ಸ್ವಂತ ಲೈಬ್ರರಿ? ಕೊಂಡುಕೊಳ್ಳುವ ಲೈಬ್ರರಿಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನಲ್ಲಿ ಹಿಡಿದವು. ಅಲ್ಲಿನ ಬಾಗಿಲು ಬೇರೆ ಥರ ಮುಚ್ಚುತ್ತದೆ, ಆಂಬುಲೆನ್ಸ್ ಬೇರೆ ಥರ ಕೂಗುತ್ತದೆ, ಹಕ್ಕಿಗಳಂತೂ ಪೂರ್ತಿ ಬೇರೆ. ಚಿಕ್ಕಮಗಳೂರಿನ ತೋಟದ ದೃಶ್ಯದಲ್ಲಿ ಅಮೆರಿಕದ ಹಕ್ಕಿ ಹಾಡಿದರೆ ಪಟ್ಟಣದವರಿಗೆ ಗೊತ್ತಾಗದೆ ಇರಬಹುದು, ತೋಟದವರಿಗೆ ಗೊತ್ತಾಗುತ್ತದೆ. ನಮ್ಮ ಹಕ್ಕಿಯಾದರೂ ಕಾಲ ನೋಡಬೇಕು. ಕೋಗಿಲೆ ಜೋರಾಗಿ ಕೂಗುವುದು ಬೇಸಿಗೆ ಹೊತ್ತಿಗೆ. ಮಾಗಿಯ ಚಳಿ ತೋರಿಸುವ ದೃಶ್ಯಕ್ಕೆ ಅದನ್ನು ಕೂಗಿಸಬೇಡಿ.

ಏನೇನು ಹಿಡಿಯಬೇಕು? ಮಳೆಯಿಂದ ಶುರು ಮಾಡಿ. ಮಂಗಳೂರು ಹೆಂಚಿನ ಮೇಲೆ ಬೀಳುವ ಮಳೆ, ತಗಡಿನ ಶೀಟಿನ ಮೇಲೆ, ಆರ್‌ಸಿಸಿ ಮನೆಯ ಒಳಗಿಂದ ಕೇಳುವ ಮಳೆ, ಅಡಿಕೆ ತೋಟದೊಳಗಿನ ಮಳೆ, ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ನೀರು. ಇವೆಲ್ಲ ಬೇರೆ ಬೇರೆ ಫೈಲು. ಆಮೇಲೆ ಹಿಟ್ಟಿನ ಗಿರಣಿ, ಸಂತೆ, ಕೆಎಸ್‌ಆರ್‌ಟಿಸಿ ಬಸ್ಸಿನ ಒಳಗೆ ಮತ್ತು ಹೊರಗೆ, ಊರ ಜಾತ್ರೆಯ ಡೊಳ್ಳು ಹತ್ತಿರದಿಂದ ಮತ್ತು ಅರ್ಧ ಮೈಲಿ ಆಚೆಯಿಂದ.

ಹಿಡಿಯುವಾಗ ಇಷ್ಟು ನೋಡಿಕೊಳ್ಳಿ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ನಿಧಾನ ಮಾಡಿ ಬೇರೆ ರೂಪ ಕೊಡಬೇಕು ಅನ್ನಿಸುವ ಸದ್ದಾದರೆ 96 ಕಿಲೋಹರ್ಟ್ಸ್. ಅತಿ ಜೋರಿನ ಕ್ಷಣ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಆಂಬಿಯನ್ಸ್, ಅಂದರೆ ಜಾಗದ ಸುತ್ತಲಿನ ಸದ್ದು ಆದರೆ ಕನಿಷ್ಠ ಎರಡು ನಿಮಿಷ, ಕೆಮ್ಮದೆ, ಕಾಲು ಕದಲಿಸದೆ. ಶುರುವಿನಲ್ಲಿ ನಿಮ್ಮ ದನಿಯಲ್ಲೇ ಹೇಳಿ: ಊರು, ಹೊತ್ತು, ಮೈಕ್ ಎಲ್ಲಿತ್ತು. ಮನೆಗೆ ಬಂದ ದಿನವೇ ಫೈಲಿಗೆ ಹೆಸರಿಡಿ. "ಮಳೆ_ಹೆಂಚು_ತೀರ್ಥಹಳ್ಳಿ_ರಾತ್ರಿ_ಜೋರು" ಅಂತಿದ್ದರೆ ಮೂರು ವರ್ಷ ಆದಮೇಲೂ ಸಿಗುತ್ತದೆ. "ಜೂಮ್0047" ಅಂತಿದ್ದರೆ ಹೋಯಿತು, ಇದ್ದೂ ಇಲ್ಲದ ಹಾಗೆ.

ಫ್ರೀಸೌಂಡ್‌ನಂಥ ತಾಣಗಳಿಂದ ಇಳಿಸಿಕೊಳ್ಳುವುದಾದರೆ ಪ್ರತಿ ಫೈಲಿನ ಲೈಸೆನ್ಸ್ ಓದಿ. ಸಿಸಿ0, ಅಂದರೆ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟ ಲೈಸೆನ್ಸ್ ಇದ್ದರೆ ಹೇಗೆ ಬೇಕಾದರೂ ಬಳಸಿ. ಹೆಸರು ಹಾಕಬೇಕಾದ್ದು ಕೆಲವು. ವಾಣಿಜ್ಯ ಬಳಕೆ ಬೇಡ ಅಂತ ಇರುವುದನ್ನು ದುಡ್ಡು ತಗೊಂಡ ಕೆಲಸಕ್ಕೆ ಹಾಕುವ ಹಾಗಿಲ್ಲ.

ಹಂತ 2: ಸಾಮಾನು, ಅಗತ್ಯ ಇದ್ದಷ್ಟೇ

ಇದರ ಬಗ್ಗೆ ಜಾಸ್ತಿ ಬರೆಯುವ ಆಸೆ ನನಗಿಲ್ಲ. ಸಾಮಾನಿನ ಚರ್ಚೆಯಲ್ಲೇ ವರ್ಷ ಕಳೆಯುವವರು ಬೇಕಾದಷ್ಟು ಜನ ಇದ್ದಾರೆ.

ಸಾಫ್ಟ್‌ವೇರ್: ಸಿನಿಮಾ ಮಿಕ್ಸಿಂಗ್ ಸ್ಟುಡಿಯೋಗಳ ಸಾಮಾನ್ಯ ಭಾಷೆ ಪ್ರೊ ಟೂಲ್ಸ್. ಅದು ಬರಬೇಕು. ಆದರೆ ಕಲಿಯಲು ರೀಪರ್ ಸಾಕು. 60 ದಿನ ಪ್ರಯೋಗಕ್ಕೆ ಬಿಡುತ್ತಾರೆ, ವೈಯಕ್ತಿಕ ಲೈಸೆನ್ಸ್ 60 ಡಾಲರ್. ಸಂಗೀತಕ್ಕೆ ಲಾಜಿಕ್, ಕ್ಯೂಬೇಸ್, ಏಬಲ್ಟನ್, ಯಾವುದು ಕೈಗೆ ಹತ್ತುತ್ತದೋ ಅದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಡೆಲಿವರಿ ಹಿಂದಿನ ರಾತ್ರಿ ಅದು ಕೈಕೊಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ?

ವಾದ್ಯಗಳ ಸ್ಯಾಂಪಲ್ ಬೇಕಾದರೆ ಸ್ಪಿಟ್‌ಫೈರ್‌ನ ಲ್ಯಾಬ್ಸ್‌ನಲ್ಲಿ ಉಚಿತವಾಗಿ ಸಿಗುವವು ಇವೆ. ಆದರೆ ಒಂದು ಮಾತು. ಎಲ್ಲರ ಹತ್ತಿರವೂ ಅವೇ ಪಿಟೀಲು, ಅವೇ ಪಿಯಾನೋ ಇರುತ್ತವೆ. ಒಬ್ಬರೇ ಒಬ್ಬ ನಿಜವಾದ ಕೊಳಲು ವಾದಕರನ್ನೋ ಸಾರಂಗಿಯವರನ್ನೋ ಕರೆಸಿ ಮೇಲೆ ನುಡಿಸಿದರೆ, ಕೆಳಗಿರುವ ಕಂಪ್ಯೂಟರ್ ವಾದ್ಯಗಳೂ ಜೀವ ಬಂದ ಹಾಗೆ ಕೇಳುತ್ತವೆ. ಬಜೆಟ್ಟಿನ ಮೊದಲ ದುಡ್ಡು ಅಲ್ಲಿಗೆ ಹೋಗಲಿ.

ಕೋಣೆ: ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಿಶ್ಶಬ್ದ ಕನಸು. ಮೂಲೆಗಳಲ್ಲಿ ಸದ್ದು ಹೀರುವ ರಾಕ್‌ವುಲ್ ತುಂಬಿದ ದಪ್ಪ ಪ್ಯಾನೆಲ್, ಗೋಡೆಗೆ ಒಂದಷ್ಟು, ನೆಲಕ್ಕೆ ಜಮಖಾನ. ತೆಳ್ಳನೆ ಫೋಮ್ ಅಂಟಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಬೇಸ್‌ನಂಥ ತಗ್ಗಿನ ಸದ್ದಿಗೆ ಏನೂ ಆಗುವುದಿಲ್ಲ. ಸೋನಿ ಎಂಡಿಆರ್-7506 ಥರದ ಹೆಡ್‌ಫೋನ್ ಒಂದು ಇಟ್ಟುಕೊಂಡು, ಅದರಲ್ಲಿ ನೂರಾರು ಸಿನಿಮಾ ಕೇಳಿ ಅದರ ಗುಣದೋಷ ಅರಿತುಕೊಳ್ಳಿ. ಕಿವಿಯ ಆರೋಗ್ಯವೂ ಬಂಡವಾಳವೇ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧ ಆಗುತ್ತದೆ. ಸಣ್ಣ ಕೋಣೆಯಲ್ಲಿ ಇನ್ನೂ ಮೆಲ್ಲಗೆ ಕೇಳಿ.

ಹಂತ 3: ಎಲ್ಲಿ ಕಲಿಯುವುದು

ಕಾಲೇಜು ದಾರಿಯಲ್ಲಿ ಪುಣೆಯ ಫಿಲಂ ಸಂಸ್ಥೆ ಎಫ್‌ಟಿಐಐ ಮತ್ತು ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ ಮುಖ್ಯವಾದವು. ಎರಡರಲ್ಲೂ ಪದವಿ ನಂತರದ ಮೂರು ವರ್ಷದ ಸೌಂಡ್ ಕೋರ್ಸ್ ಇದೆ. 2009ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಎಫ್‌ಟಿಐಐನಲ್ಲಿ ಓದಿದವರು. ನಮ್ಮಲ್ಲೇ ಹೆಸರಘಟ್ಟದಲ್ಲಿ ಸರ್ಕಾರಿ ಫಿಲಂ ಮತ್ತು ಟಿವಿ ಸಂಸ್ಥೆ ಇದೆ. ಇಂಥ ಕಡೆ ಪಾಠಕ್ಕಿಂತ ದೊಡ್ಡ ಲಾಭ ಜೊತೆಗಾರರು. ನಿಮ್ಮ ಬ್ಯಾಚಿನ ನಿರ್ದೇಶಕ, ಎಡಿಟರ್, ಕ್ಯಾಮೆರಾದವರು ನಾಳೆ ನಿಮ್ಮನ್ನೇ ಕರೆಯುತ್ತಾರೆ.

ಸಂಗೀತದ ಕಡೆಗೆ ಇಂಥದೇ ಕೋರ್ಸ್ ಆಗಬೇಕು ಅಂತಿಲ್ಲ. ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಒಂದನ್ನು ನೆಟ್ಟಗೆ ಕಲಿಯಿರಿ, ಕೀಬೋರ್ಡಿನಲ್ಲಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಅರ್ಥ ಮಾಡಿಕೊಳ್ಳಿ. ಇನ್ನೊಂದು ಶಾಲೆ ಇದೆ, ಅದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ: ರಂಗಭೂಮಿ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಬಿ.ವಿ. ಕಾರಂತರು ನಾಟಕದಿಂದ ಬಂದವರು. ಕೈಗೆ ಸಿಕ್ಕ ವಸ್ತುವಿನಿಂದ ಸದ್ದು ಹುಟ್ಟಿಸಿ ಅದನ್ನೇ ಸಂಗೀತ ಮಾಡುವುದು ಅವರ ರೀತಿ. ಸೌಂಡ್ ಡಿಸೈನ್ ಅನ್ನುವ ಹೆಸರು ನಮ್ಮಲ್ಲಿ ಓಡಾಡುವ ಮೊದಲೇ ಆ ಕೆಲಸ ನಡೆದಿತ್ತು. ನಿಮ್ಮ ಊರಿನ ಹವ್ಯಾಸಿ ತಂಡವೋ, ಹೆಗ್ಗೋಡಿನ ನೀನಾಸಂ ಶಿಬಿರವೋ, ಎಲ್ಲಾದರೂ ಒಂದು ನಾಟಕಕ್ಕೆ ಸಂಗೀತ ಮಾಡಿ. ನಟ ಮಾತಾಡುವಾಗ ಹಾರ್ಮೋನಿಯಂ ಎಷ್ಟು ಬೇಗ ಬಾಯಿ ಮುಚ್ಚಿಕೊಳ್ಳಬೇಕು ಅನ್ನುವುದು ಅಲ್ಲಿ ಕಲಿತಷ್ಟು ಬೇಗ ಬೇರೆಲ್ಲೂ ಬರುವುದಿಲ್ಲ.

ಹಂತ 4: ಒಂದು ದೃಶ್ಯ ಪೂರ್ತಿ ಮಾಡಿ

ಬಾಯಿಮಾತು ಸಾಕು, ಒಂದು ದೃಶ್ಯ ಹಿಡಿಯೋಣ. ನಾನೇ ಕಟ್ಟಿಕೊಂಡ ದೃಶ್ಯ ಇದು. ಸಾಗರದ ಬಸ್ ಸ್ಟ್ಯಾಂಡ್, ರಾತ್ರಿ. ಕೊನೆಯ ಬಸ್ಸಿಗೆ ಅಪ್ಪ ಬರುತ್ತಾರೆ ಅಂತ ಹುಡುಗಿಯೊಬ್ಬಳು ಕಾಯುತ್ತಿದ್ದಾಳೆ. ಟ್ಯೂಬ್‌ಲೈಟ್ ಉರಿಯುತ್ತಿದೆ. ಪಕ್ಕದಲ್ಲಿ ಮುಚ್ಚುವ ಹೊತ್ತಿನ ಟೀ ಅಂಗಡಿ. 20ನೇ ಸೆಕೆಂಡಿಗೆ ಬಸ್ಸಿನ ದೀಪ ಕಾಣುತ್ತದೆ. 30ಕ್ಕೆ ಬಸ್ ನಿಲ್ಲುತ್ತದೆ. ನಾಲ್ಕು ಜನ ಇಳಿಯುತ್ತಾರೆ, ಅಪ್ಪ ಇಲ್ಲ. 45ಕ್ಕೆ ಬಸ್ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. 57ಕ್ಕೆ ಅವಳು ತಿರುಗಿ ನಡೆಯಲು ಶುರು ಮಾಡುತ್ತಾಳೆ. 75ಕ್ಕೆ ದೃಶ್ಯ ಮುಗಿಯುತ್ತದೆ. ಮಾತು ಒಂದೇ ಒಂದು, ಟೀ ಅಂಗಡಿಯವನದು: "ಬಂದ್ರೇನಮ್ಮಾ?"

ಮೊದಲು ನಿರ್ದೇಶಕರು, ಎಡಿಟರ್ ಜೊತೆ ಕೂತು ನೋಡಿ. ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ. ಎಲ್ಲಿ ಸಂಗೀತ ಬೇಕು ಅಂತ ಕೇಳುವುದಕ್ಕಿಂತ, ಈ ಕ್ಷಣದಲ್ಲಿ ನೋಡುವವರಿಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಅಂತ ಕೇಳಿ. ಅಪ್ಪ ಬರುವುದಿಲ್ಲ ಅನ್ನುವುದು ನಮಗೆ ಮುಂಚೆಯೇ ಗೊತ್ತಾಗಬೇಕಾ, ಅವಳ ಜೊತೆಗೇ ಗೊತ್ತಾಗಬೇಕಾ? ಜೊತೆಗೇ ಅಂದರೆ, 45ನೇ ಸೆಕೆಂಡಿನ ತನಕ ಸಂಗೀತದ ಸುದ್ದಿಯೇ ಬೇಡ. ಮುಂಚೆಯೇ ಒಂದು ದುಃಖದ ಪಿಟೀಲು ಎಳೆದರೆ ಬಸ್ ಬರುವ ಮೊದಲೇ ಕಥೆ ಹೇಳಿಬಿಟ್ಟಂತೆ.

ಎಡಿಟರ್ ಯಾವುದೋ ಸಿನಿಮಾದ ಸಂಗೀತ ತಂದು ತಾತ್ಕಾಲಿಕವಾಗಿ ಕೂರಿಸಿರುತ್ತಾರೆ. ಒಂದು ಸಲ ಕೇಳಿ, ಆಮೇಲೆ ಆಫ್ ಮಾಡಿಸಿ. ಅದರಲ್ಲಿ ನಿರ್ದೇಶಕರಿಗೆ ಇಷ್ಟ ಆದದ್ದು ಏನು ಅಂತ ಬಿಡಿಸಿ ಕೇಳಿ: ವೇಗವಾ, ವಾದ್ಯವಾ, ಅದು ಶುರುವಾಗುವ ಜಾಗವಾ? ಬಹಳ ಸಲ ಜಾಗ ಮಾತ್ರ ಆಗಿರುತ್ತದೆ.

ಈಗ ಪದರ ಪದರವಾಗಿ ಕೂರಿಸಿ. ಮೊದಲು ಮಾತು. ಅದು ಸ್ವಚ್ಛವಾಗಿ, ಸರಿಯಾದ ದೂರದಿಂದ ಕೇಳಬೇಕು. ಡಬ್ ಮಾಡಿದ್ದಾದರೆ ಟೀ ಅಂಗಡಿಯ ಒಳಗಿನ ಅನುರಣನ ಸ್ವಲ್ಪ ಕೊಡಿ, ಇಲ್ಲದಿದ್ದರೆ ಅವನು ನಿಮ್ಮ ಕಿವಿಯೊಳಗೇ ಕೂತು ಮಾತಾಡಿದ ಹಾಗಿರುತ್ತದೆ.

ಎರಡನೆಯದು ಆಂಬಿಯನ್ಸ್. ಜೀರುಂಡೆ, ದೂರದಲ್ಲಿ ಒಂದು ಲಾರಿ, ಎಲ್ಲೋ ನಾಯಿ. ಜೀರುಂಡೆಯನ್ನು ಸ್ಟೀರಿಯೋದಲ್ಲಿ ಅಗಲವಾಗಿ ಇಡಿ, ಮಧ್ಯದ ಜಾಗ ಮಾತಿಗೆ ಖಾಲಿ ಬಿಡಿ. ಜೊತೆಗೆ ಟ್ಯೂಬ್‌ಲೈಟ್ ಚೋಕಿನ ಗುಂಯ್ ಸದ್ದು.

ಮೂರನೆಯದು ಬಸ್. ಒಂದೇ ಫೈಲಿನಲ್ಲಿ ಮುಗಿಸಬೇಡಿ. ಬರುವುದು, ನಿಂತು ಗುರುಗುಟ್ಟುವುದು, ಬಾಗಿಲು, ಕಂಡಕ್ಟರ್ ಸೀಟಿ, ಬಾಡಿ ಮೇಲೆ ಎರಡು ಏಟು, "ರೈಟ್ ರೈಟ್", ಗೇರ್ ಬದಲಾಗಿ ಹೋಗುವುದು. ಪ್ರತಿಯೊಂದೂ ಬೇರೆ ಟ್ರ್ಯಾಕ್. ಆಗ ಕಂಡಕ್ಟರ್ ಸೀಟಿಯನ್ನು ಅರ್ಧ ಸೆಕೆಂಡು ತಡ ಮಾಡಬಹುದು. ಆ ಅರ್ಧ ಸೆಕೆಂಡಿನಲ್ಲಿ ಅವಳ ಆಸೆ ಇನ್ನೂ ಉಳಿದಿರುತ್ತದೆ.

ನಾಲ್ಕನೆಯದು ಫೋಲಿ: ಚಪ್ಪಲಿ, ದುಪಟ್ಟ, ಗಾಜಿನ ಲೋಟ ತೊಳೆದು ಬೋರಲು ಹಾಕುವುದು. ಫೋಲಿಯನ್ನು ಎಲ್ಲಾ ಕಡೆ ಒಂದೇ ಮಟ್ಟದಲ್ಲಿ ಕೇಳಿಸುವ ಚಟ ಶುರುವಿನಲ್ಲಿ ಎಲ್ಲರಿಗೂ ಇರುತ್ತದೆ. ಇಲ್ಲಿ ಜೋರಾಗಿ ಬೇಕಾದ್ದು 57ರ ನಂತರದ ಚಪ್ಪಲಿ ಸದ್ದು ಮಾತ್ರ.

ಕೊನೆಗೆ ಸಂಗೀತ. ಈಗ ಜಗಳ ಶುರು. ನಿಂತ ಬಸ್ಸಿನ ಡೀಸೆಲ್ ಎಂಜಿನ್ 100 ಹರ್ಟ್ಸ್‌ಗಿಂತ ಕೆಳಗಿನ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ. ಅದೇ ಹೊತ್ತಿಗೆ ನೀವು ಕೆಳಗಿನ ಸ್ವರದ ಚೆಲ್ಲೋ ಹಾಕಿದರೆ ಎರಡೂ ಕಲಸಿ ರಾಡಿ. ಒಂದೋ ಬಸ್ ಇರುವಷ್ಟು ಹೊತ್ತು ಸಂಗೀತ ಮೇಲಿನ ಸ್ವರದಲ್ಲಿರಬೇಕು, ಇಲ್ಲಾ ಸುಮ್ಮನಿರಬೇಕು. ಸೌಂಡೂ ಸಂಗೀತವೂ ಇಬ್ಬರ ಕೈಯಲ್ಲಿದ್ದಾಗ ಇದು ಮಿಕ್ಸಿಂಗ್ ದಿನ ಗೊತ್ತಾಗಿ ಜಟಾಪಟಿ ಆಗುತ್ತದೆ. ಎರಡೂ ನಿಮ್ಮದೇ ಆದರೆ ಬರೆಯುವ ಮೊದಲೇ ಇತ್ಯರ್ಥ ಮಾಡಬಹುದು.

ಆ ಟ್ಯೂಬ್‌ಲೈಟನ್ನು ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಚೋಕಿನ ಗುಂಯ್ ಅದರ ಎರಡರಷ್ಟು, 100 ಹರ್ಟ್ಸ್. ಐದು ಮನೆ ಶ್ರುತಿ, ಅಂದರೆ ಜಿ, ಆ ಭಾಗದಲ್ಲಿ 98 ಹರ್ಟ್ಸ್. ಹತ್ತಿರ ಇದೆ, ಆದರೆ ಸೇರಿಲ್ಲ. ಗುಂಯ್ ಸದ್ದು ಸುಮಾರು 35 ಸೆಂಟ್ ಏರು; ಸೆಂಟ್ ಅಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಪಾಲು. ಸಂಗೀತವನ್ನು ಐದು ಮನೆ ಶ್ರುತಿಯಲ್ಲಿ ಮಾಡಿ, ಟ್ಯೂಬ್‌ಲೈಟ್ ಸದ್ದನ್ನು 35 ಸೆಂಟ್ ಇಳಿಸಿ. ಈಗ ಬಸ್ ಹೋದ ಮೇಲೆ ಉಳಿಯುವ ಆ ಗುಂಯ್ ಸದ್ದೇ ನಿಮ್ಮ ಶ್ರುತಿ. ಅದರೊಳಗಿಂದಲೇ ಚೆಲ್ಲೋ ಎದ್ದು ಬಂದರೆ ಸಂಗೀತ ಯಾವಾಗ ಶುರುವಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಕಿರಿಕಿರಿ, ಆತಂಕ ಇರಬೇಕು ಅಂತಿದ್ದರೆ ಇಳಿಸಲೇಬೇಡಿ. ಆ 35 ಸೆಂಟಿನ ತಿಕ್ಕಾಟ ಹಾಗೇ ಕೆಲಸ ಮಾಡುತ್ತದೆ.

ಇನ್ನು ವೇಗದ ಲೆಕ್ಕ. 45ರಿಂದ 57ಕ್ಕೆ 12 ಸೆಕೆಂಡು. ನಿಮಿಷಕ್ಕೆ 80 ಬೀಟ್ ಇಟ್ಟರೆ ಒಂದು ಬೀಟ್ 0.75 ಸೆಕೆಂಡು, 12 ಸೆಕೆಂಡಿಗೆ ಸರಿಯಾಗಿ 16 ಬೀಟ್, ನಾಲ್ಕರ ಲೆಕ್ಕದಲ್ಲಿ 4 ಬಾರ್, ಅಂದರೆ ನಾಲ್ಕು ಆವರ್ತ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದು ಬೀಟ್ ಅಂದರೆ 18 ಫ್ರೇಮ್. ಐದನೇ ಬಾರಿನ ಮೊದಲ ಬೀಟಿಗೆ ಅವಳು ಹೆಜ್ಜೆ ಎತ್ತುತ್ತಾಳೆ. ಚೆನ್ನಾಗಿ ಕೂತಿತು ಅನ್ನುವಷ್ಟರಲ್ಲಿ ಎಡಿಟರ್ ಫೋನ್ ಮಾಡಿ "ಒಂದು ಸೆಕೆಂಡ್ ಟ್ರಿಮ್ ಮಾಡಿದ್ದೀನಿ" ಅನ್ನುತ್ತಾರೆ. ಪಿಕ್ಚರ್ ಲಾಕ್, ಅಂದರೆ ಎಡಿಟ್ ಇನ್ನು ಬದಲಾಗದು ಅನ್ನುವ ಹಂತ, ಬರೀ ಹೆಸರಿಗೆ ಲಾಕ್. ಈಗ 11 ಸೆಕೆಂಡು. ವೇಗ 87ಕ್ಕೆ ಏರಿಸಬಹುದು, ಆದರೆ ದೃಶ್ಯದ ಭಾರ ಕಡಿಮೆ ಆಗುತ್ತದೆ. ಒಂದು ಬಾರ್ ಮೊಟಕು ಮಾಡಬಹುದು, ಆದರೆ 11 ಸೆಕೆಂಡಿಗೆ ಹದಿನಾಲ್ಕೂ ಚಿಲ್ಲರೆ ಬೀಟ್, ಸರಿಯಾಗಿ ಕೂರುವುದಿಲ್ಲ. ನಾನಾದರೆ ಸಂಗೀತವನ್ನು ಮುಟ್ಟುವುದೇ ಇಲ್ಲ. ಒಂದು ಸೆಕೆಂಡು ಮೊದಲೇ, ಬಸ್ಸಿನ ಸದ್ದು ಇನ್ನೂ ಇರುವಾಗಲೇ ಶುರು ಮಾಡಿಬಿಡುತ್ತೇನೆ. ಬಸ್ ಅದನ್ನು ಮುಚ್ಚಿಕೊಳ್ಳುತ್ತದೆ.

ಇಂಥ ಮೂರು ನಾಲ್ಕು ದೃಶ್ಯಗಳನ್ನು ಗೆಳೆಯರ ಕಿರುಚಿತ್ರಗಳಲ್ಲಿ ಮಾಡಿ. ಬೇರೆಯವರ ಸಿನಿಮಾ ಟ್ರೇಲರ್ ತಗೊಂಡು ಸೌಂಡ್ ಬದಲಿಸಿ ಅಭ್ಯಾಸ ಮಾಡುವುದು ಸರಿ, ಆದರೆ ಅದನ್ನು ಬಹಿರಂಗವಾಗಿ ಹಾಕಿದರೆ ಹಕ್ಕಿನ ತಕರಾರು ಬರಬಹುದು.

ಹಂತ 5: ಫೈಲು, ಮಟ್ಟ, ಡೆಲಿವರಿ

ಬೇಸರದ ಭಾಗ, ಆದರೆ ಎರಡನೇ ಸಲ ಕರೆಯುವುದು ಇದನ್ನು ನೋಡಿಯೇ.

ಕೆಲಸ ಶುರು ಮಾಡುವ ಮೊದಲು ಫ್ರೇಮ್ ರೇಟ್ ಕೇಳಿ. ಥಿಯೇಟರಿಗಾದರೆ ಸಾಮಾನ್ಯವಾಗಿ 24, ನಮ್ಮ ಟಿವಿಗೆ 25. ಎಡಿಟರ್ ಕಡೆಯಿಂದ ಎಎಎಫ್ ಫೈಲು, ಅಂದರೆ ಆಡಿಯೋ ತುಣುಕುಗಳು ಎಡಿಟ್‌ನಲ್ಲಿ ಕೂತ ಜಾಗದ ಸಮೇತ ಇರುವ ಫೈಲು, ತರಿಸಿಕೊಳ್ಳಿ. ಅದೇ ಕೆಲಸದ ಹಳೆಯ ಒಎಂಎಫ್ ಫೈಲಿಗೆ 2 ಜಿಬಿ ಮಿತಿ ಇದೆ. ಪ್ರತಿ ತುಣುಕಿನ ಹಿಂದೆ ಮುಂದೆ ಕೆಲವು ಸೆಕೆಂಡು ಜಾಸ್ತಿ ಆಡಿಯೋ ಇರುವಂತೆ ಕೇಳಿ, ಇಲ್ಲದಿದ್ದರೆ ಮಾತಿನ ಕೊನೆ ಕತ್ತರಿಸಿಯೇ ಬಂದಿರುತ್ತದೆ. ಚಿತ್ರ ಶುರುವಾಗುವ 2 ಸೆಕೆಂಡು ಮೊದಲು ಒಂದು ಫ್ರೇಮಿನಷ್ಟು 1 ಕಿಲೋಹರ್ಟ್ಸ್ ಬೀಪ್ ಇರಲಿ. ಸಿಂಕ್ ತಪ್ಪಿದೆ ಅಂತ ಯಾರಾದರೂ ಅಂದರೆ ಅದೇ ಸಾಕ್ಷಿ.

ಜೋರಿನ ಮಟ್ಟ ಎಲ್ಲಿಗೆ ಅನ್ನುವುದರ ಮೇಲೆ ಬದಲಾಗುತ್ತದೆ. ನೆಟ್‌ಫ್ಲಿಕ್ಸ್ ಕೇಳುವುದು ಮಾತಿನ ಅಳತೆಯಲ್ಲಿ ಮೈನಸ್ 27 ಎಲ್‌ಕೆಎಫ್‌ಎಸ್ (ಜೋರನ್ನು ಅಳೆಯುವ ಮಾನ, ಎಲ್‌ಯುಎಫ್‌ಎಸ್ ಅಂದರೂ ಅದೇ), ಆಚೀಚೆ 2. ಶಿಖರ ಮೈನಸ್ 2 ಡೆಸಿಬೆಲ್ ದಾಟಬಾರದು. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ದರೆ ತಾನೇ ತಗ್ಗಿಸುತ್ತದೆ. ಥಿಯೇಟರಿಗೆ ಅಂಥ ಸಂಖ್ಯೆಯಿಲ್ಲ. 85 ಡೆಸಿಬೆಲ್‌ಗೆ ಹೊಂದಿಸಿದ ಕೋಣೆಯಲ್ಲಿ ಕಿವಿಯಿಂದ ಮಿಕ್ಸ್ ಮಾಡುತ್ತಾರೆ. ಥಿಯೇಟರಿನ ವಾಲ್ಯೂಮ್ ಹೊಂದಿಸುವ ಡಾಲ್ಬಿ ಪ್ರೊಸೆಸರಿನಲ್ಲಿ 7 ಅನ್ನುವುದು ಆ ಮಟ್ಟ. ಆದರೆ ಚಿತ್ರಗಳು ಕಿವಿ ಹರಿಯುವಷ್ಟು ಜೋರಾಗಿ ಬರುತ್ತವೆ ಅಂತ ಎಷ್ಟೋ ಥಿಯೇಟರಿನವರು ಅದನ್ನು 5ಕ್ಕೋ ಇನ್ನೂ ಕೆಳಕ್ಕೋ ಇಳಿಸಿಟ್ಟಿರುತ್ತಾರೆ. ಇಳಿಸಿದಾಗ ಮೊದಲು ಸಾಯುವುದು ಮಾತು. ಮಾತು ಕೇಳಲಿಲ್ಲ ಅಂತ ಮುಂದಿನ ಚಿತ್ರದವರು ಇನ್ನೂ ಜೋರು ಮಾಡುತ್ತಾರೆ. ಇದಕ್ಕೆ ಕೊನೆ ಎಲ್ಲಿ?

ಕೊಡುವಾಗ ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ಕೊಡಿ. ಇದರ ಜೊತೆ ಎಂ ಆಂಡ್ ಇ ಟ್ರ್ಯಾಕ್, ಅಂದರೆ ಮಾತು ಬಿಟ್ಟು ಉಳಿದದ್ದೆಲ್ಲ. ತೆಲುಗಿಗೋ ಹಿಂದಿಗೋ ಡಬ್ ಮಾಡಲು ಇದು ಬೇಕೇಬೇಕು. ಸಿಂಕ್ ಸೌಂಡ್ ಚಿತ್ರದಲ್ಲಿ ಇದಕ್ಕೆ ಕೆಲಸ ಜಾಸ್ತಿ: ಮಾತು ತೆಗೆದರೆ ಅದರ ಜೊತೆ ಹೆಜ್ಜೆ, ಲೋಟ, ಬಟ್ಟೆಯ ಸದ್ದೂ ಹೋಗುತ್ತದೆ. ಅದನ್ನೆಲ್ಲ ಫೋಲಿಯಲ್ಲಿ ಮತ್ತೆ ತುಂಬಬೇಕು. ಇದಕ್ಕೆ ಬೇರೆ ದುಡ್ಡು ಕೇಳಿ.

ಹಂತ 6: ಮೊದಲ ಕೆಲಸಗಳು ಎಲ್ಲಿಂದ

ದೊಡ್ಡ ನಿರ್ದೇಶಕರಿಗೆ ಮೆಸೇಜು ಕಳಿಸಿ ಕಾಯುವುದು ಹೆಚ್ಚಿನ ಸಲ ದಂಡ. ಎಡಿಟರ್‌ಗಳ ಸ್ನೇಹ ಮಾಡಿ. ಸಿನಿಮಾ ಮೊದಲು ಅವರ ಟೇಬಲ್ಲಿಗೆ ಬರುತ್ತದೆ. "ಸೌಂಡಿಗೆ ಯಾರನ್ನ ಕರೆಯೋಣ" ಅನ್ನುವ ಪ್ರಶ್ನೆ ಎದ್ದಾಗ ಪಕ್ಕದಲ್ಲಿರುವವರು ಅವರೇ.

ಧಾರಾವಾಹಿ ಕೆಲಸವನ್ನು ಕೀಳು ಅಂತ ತಿಳಿಯಬೇಡಿ. ದಿನಾ ಒಂದು ಎಪಿಸೋಡ್, ದಿನಾ ಗಡುವು. ಅತ್ತೆ ಬಂದಾಗೊಂದು, ಗುಟ್ಟು ಬಯಲಾದಾಗೊಂದು ಅಂತ ಸಂಗೀತದ ತುಣುಕುಗಳ ಬ್ಯಾಂಕ್ ಮಾಡಿಟ್ಟುಕೊಂಡು ಕತ್ತರಿಸಿ ಕೂರಿಸುವ ಕೆಲಸ ಕೈಗೆ ವೇಗ ಕೊಡುತ್ತದೆ. ಅಲ್ಲೇ ವರ್ಷಗಟ್ಟಲೆ ಉಳಿದರೆ ಮಾತ್ರ ಕಿವಿ ಜಡ್ಡು ಹಿಡಿಯುವ ಭಯ ಇದೆ. ಡಬ್ಬಿಂಗ್ ಇನ್ನೊಂದು ಬಾಗಿಲು. ಕನ್ನಡಕ್ಕೆ ಡಬ್ ಮಾಡುವುದನ್ನು ತಡೆಯುವುದರ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನಕ್ಕೆ ಆ ಕೆಲಸ ಹೆಚ್ಚಿದೆ. ರೆಕಾರ್ಡಿಂಗ್, ಡೈಲಾಗ್ ಎಡಿಟಿಂಗ್, ಮಿಕ್ಸಿಂಗ್‌ಗೆ ಜನ ಬೇಕು. ಜಾಹೀರಾತು, ಕಂಪನಿ ವಿಡಿಯೋ ಹೊಟ್ಟೆಪಾಡು ನೋಡಿಕೊಳ್ಳುತ್ತವೆ. ಗೇಮ್ ಕಡೆ ಒಲವಿದ್ದರೆ ಗೇಮಿಗೆ ಸದ್ದು ಕೂರಿಸುವ ಸಾಫ್ಟ್‌ವೇರ್‌ಗಳಾದ ಎಫ್‌ಮಾಡ್ ಅಥವಾ ವೈಸ್ ಕಲಿಯಿರಿ, ಎರಡನ್ನೂ ಕಲಿಯಲು ಉಚಿತವಾಗಿ ಕೊಡುತ್ತಾರೆ.

ಶೋರೀಲ್ ಎರಡು ನಿಮಿಷದ ಒಳಗಿರಲಿ, ಮತ್ತು ಎರಡು ಬೇರೆ ಬೇರೆ ರೀಲ್ ಮಾಡಿ: ಸೌಂಡಿಗೆ ಒಂದು, ಸಂಗೀತಕ್ಕೆ ಒಂದು. ಸೌಂಡ್ ರೀಲಿನಲ್ಲಿ ಸಂಗೀತವೇ ಇಲ್ಲದ ಒಂದು ದೃಶ್ಯ ಇರಲೇಬೇಕು. ಸಂಗೀತದ ಮರೆಯಲ್ಲಿ ಸೌಂಡಿನ ಹುಳುಕು ಎಷ್ಟೋ ಮುಚ್ಚಿಹೋಗುತ್ತದೆ, ಕೇಳುವವರಿಗೂ ಅದು ಗೊತ್ತಿದೆ.

ಬೆಂಗಳೂರಲ್ಲೇ ಇರಬೇಕಾ? ಶುರುವಿನಲ್ಲಿ ಇದ್ದರೆ ಒಳ್ಳೆಯದು. ನೆಲೆ ನಿಂತ ಮೇಲೆ ಬೇಕಿಲ್ಲ. 'ಕೆಜಿಎಫ್' ಖ್ಯಾತಿಯ ರವಿ ಬಸ್ರೂರು ಕುಂದಾಪುರದ ಹತ್ತಿರದ ತಮ್ಮೂರಿನಲ್ಲೇ ಸ್ಟುಡಿಯೋ ಮಾಡಿಕೊಂಡಿದ್ದಾರೆ.

ಹಂತ 7: ಒಪ್ಪಂದ, ದುಡ್ಡು, ರಾಯಲ್ಟಿ

ಸಂಗೀತಕ್ಕೆ ನಿರ್ಮಾಪಕರು ಸಾಮಾನ್ಯವಾಗಿ ಪ್ಯಾಕೇಜ್ ಮಾತಾಡುತ್ತಾರೆ. ಗಾಯಕರು, ವಾದ್ಯದವರು, ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್ ಎಲ್ಲ ಅದರೊಳಗೇ. ಮೊತ್ತ ದೊಡ್ಡದಾಗಿ ಕಾಣುತ್ತದೆ. ಎಲ್ಲರಿಗೂ ಕೊಟ್ಟ ಮೇಲೆ ಉಳಿಯುವುದು ಚಿಲ್ಲರೆ. ಮೊದಲೇ ಎರಡು ಕಾಲಂ ಮಾಡಿ: ಖರ್ಚು ಒಂದು, ನಿಮ್ಮ ಸಂಭಾವನೆ ಒಂದು. ಸೌಂಡೂ ನಿಮ್ಮದೇ ಆದರೆ ಅದಕ್ಕೆ ಮೂರನೇ ಕಾಲಂ. "ಸಂಗೀತದ ಜೊತೆ ಸೌಂಡ್ ಹೇಗೂ ಬರುತ್ತಲ್ಲ" ಅನ್ನುವ ಮಾತಿಗೆ ಜಾಗವೇ ಇರಬಾರದು.

ಒಪ್ಪಂದ ಒಂದೇ ಪುಟ ಇದ್ದರೂ ಸರಿ, ಬರಹದಲ್ಲಿರಲಿ. ಯಾವ ಕೆಲಸ, ಯಾವ ದಿನಾಂಕ, ಎಷ್ಟು ಸಲ ತಿದ್ದುಪಡಿ ಉಚಿತ, ಲಾಕ್ ಆದಮೇಲೆ ಎಡಿಟ್ ಬದಲಾದರೆ ಏನು, ಚಿತ್ರ ಅರ್ಧಕ್ಕೆ ನಿಂತರೆ ಏನು. ದುಡ್ಡು ಕಂತಿನಲ್ಲಿ: ಶುರುವಿಗೆ ಮುಂಗಡ, ಮೊದಲ ಕರಡಿಗೆ ಒಂದಿಷ್ಟು, ಕೊನೆಯ ಕಂತು ಅಂತಿಮ ಫೈಲು ಕೈಬಿಡುವ ಮೊದಲು. ಅಲ್ಲಿಯವರೆಗೆ ಕಳಿಸುವುದು ಎಂಪಿ3 ಮಾತ್ರ. ಒರಟು ಅನ್ನಿಸಬಹುದು. ಬಿಡುಗಡೆ ಆದ ಮೇಲೆ ಫೋನ್ ಎತ್ತದ ನಿರ್ಮಾಪಕರನ್ನು ಈ ಕ್ಷೇತ್ರದಲ್ಲಿ ನೋಡದವರು ಕಡಿಮೆ.

ನಿಮಗೆ ಬರುವ ದುಡ್ಡಿನಲ್ಲಿ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿದುಕೊಂಡಿರುತ್ತಾರೆ, ಲೆಕ್ಕ ಇಟ್ಟುಕೊಳ್ಳಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಈಗ ಎರಡು ಕೆಲಸಗಳ ದಾರಿ ಬೇರೆಯಾಗುವ ಜಾಗ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ ಪ್ರಕಾರ ಸಂಗೀತ ಸಂಯೋಜಕರು ಮತ್ತು ಗೀತರಚನೆಕಾರರು ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟಿದ್ದರೂ, ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವ ಹಾಗಿಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸೊಸೈಟಿಗೆ ಮಾತ್ರ ಕೊಡಬಹುದು. ಥಿಯೇಟರಿನಲ್ಲಿ ಸಿನಿಮಾ ಜೊತೆ ಕೇಳಿಸಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಬೇರೆ ರೀತಿಯ ಬಳಕೆಗೆ ಅನ್ವಯಿಸುತ್ತದೆ. "ಎಲ್ಲಾ ರಾಯಲ್ಟಿ ಹಕ್ಕೂ ಬಿಟ್ಟುಕೊಟ್ಟಿದ್ದೇನೆ" ಅಂತ ಒಪ್ಪಂದದಲ್ಲಿ ಇದ್ದರೆ ಆ ಸಾಲು ತೆಗೆಸಿ. ಸಂಯೋಜಕರ, ಗೀತರಚನೆಕಾರರ ರಾಯಲ್ಟಿ ಸಂಗ್ರಹಿಸುವ ಸೊಸೈಟಿಯಾದ ಐಪಿಆರ್‌ಎಸ್‌ನ ಸದಸ್ಯತ್ವ ತಗೊಂಡು ಪ್ರತಿ ಕೃತಿಯನ್ನೂ ನೋಂದಾಯಿಸಿ. ಹಾಡಷ್ಟೇ ಅಲ್ಲ, ಹಿನ್ನೆಲೆ ಸಂಗೀತವೂ ಸಂಗೀತ ಕೃತಿಯೇ. ಅದಕ್ಕೆ ಕ್ಯೂ ಶೀಟ್ ಬೇಕು: ಯಾವ ತುಣುಕು, ಎಲ್ಲಿಂದ ಎಲ್ಲಿಗೆ, ಎಷ್ಟು ಸೆಕೆಂಡು, ಯಾರದ್ದು. ಮಿಕ್ಸಿಂಗ್ ಮುಗಿದ ವಾರವೇ ಮಾಡಿಬಿಡಿ, ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಸೌಂಡ್ ಡಿಸೈನರಿಗೆ ಈ ರಾಯಲ್ಟಿ ಇಲ್ಲ. ಕೊಟ್ಟ ಸಂಭಾವನೆಯೇ ಕೊನೆ. ಆದ್ದರಿಂದ ಸೌಂಡಿನ ದರದಲ್ಲಿ ರಿಯಾಯಿತಿ ಕೊಟ್ಟು "ಸಂಗೀತದಲ್ಲಿ ನೋಡ್ಕೊಳ್ಳೋಣ" ಅನ್ನುವ ಲೆಕ್ಕ ತಲೆಕೆಳಗು. ರಿಯಾಯಿತಿ ಕೊಡಲೇಬೇಕಾದರೆ ಸಂಗೀತದ ಕಡೆ ಕೊಡಿ, ಅಲ್ಲಿ ಮುಂದೆ ನಾಲ್ಕು ಕಾಸು ಬರುವ ದಾರಿಯಾದರೂ ಇದೆ. ಮತ್ತೆ ಒಂದು ಸಾಲು ಸೇರಿಸಿ: ಈ ಚಿತ್ರಕ್ಕಾಗಿ ನೀವು ಹೊರಗೆ ಹೋಗಿ ಹಿಡಿದ ಮೂಲ ರೆಕಾರ್ಡಿಂಗ್‌ಗಳು ನಿಮ್ಮ ಲೈಬ್ರರಿಯಲ್ಲೇ ಉಳಿಯುತ್ತವೆ, ಬೇರೆ ಕಡೆ ಬಳಸಬಹುದು ಅಂತ.

ಎಲ್ಲ ಮುಗಿದ ಮೇಲೆ ಪ್ರಾಜೆಕ್ಟನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಎರಡೂ ಒಂದೇ ಮನೆಯಲ್ಲಿ ಬೇಡ. ಮಿಡಿ ಟ್ರ್ಯಾಕ್‌ಗಳನ್ನೆಲ್ಲ (ಅವುಗಳಲ್ಲಿ ಇರುವುದು ಸದ್ದಲ್ಲ, ಯಾವ ಸ್ವರ ನುಡಿಸಬೇಕು ಅನ್ನುವ ಸೂಚನೆ ಮಾತ್ರ) ಆಡಿಯೋ ಆಗಿ ಪರಿವರ್ತಿಸಿ ಜೊತೆಗಿಡಿ, ಯಾಕೆಂದರೆ ಇವತ್ತಿನ ಪ್ಲಗಿನ್ ಐದು ವರ್ಷದ ಮೇಲೆ ತೆರೆಯುತ್ತದೆ ಅನ್ನುವ ಭರವಸೆ ಇಲ್ಲ. ಮಲಯಾಳಂಗೆ ಡಬ್ಬಿಂಗ್ ಹಕ್ಕು ಮಾರಾಟವಾಯಿತು, ಎಂ ಆಂಡ್ ಇ ಕೊಡಿ ಅಂತ ನಿರ್ಮಾಪಕರು ಎರಡು ವರ್ಷದ ಮೇಲೆ ಫೋನ್ ಮಾಡಿದಾಗ ಹುಡುಕಿ ಕೊಡುವ ಕೆಲಸಕ್ಕೂ ಒಂದು ದರ ಇಟ್ಟಿರಿ.